ಪುಸ್ತಕಕ್ಕೆ ಕಾನೂನಿದೆ, ಗ್ರಂಥಪಾಲಕರಿಗೆ?

ಪ್ರತಿ ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರಿರಬೇಕೆಂದೂ ಅದು ಹೇಳುತ್ತದೆ. ಆದರೆ ಗ್ರಂಥಪಾಲಕರ ಪ್ರಸ್ತಾಪವೇ ಅದರಲ್ಲಿಲ್ಲ. ಹೀಗಾಗಿ ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಸಾಮಾನ್ಯವಾಗಿ ಯಾರಾದರೂ ಒಬ್ಬ ಶಿಕ್ಷಕರ ಹೆಚ್ಚುವರಿ ಹೊಣೆ. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದವರೂ ಅವರೇ. ಬೀರುವಿಗೆ ಬೀಗ ಬೀಳುವುದು ಸೋಮಾರಿತನದಿಂದಲ್ಲ, ಈ ಭಯದಿಂದ.

ಶಾಲಾ ಗ್ರಂಥಪಾಲಕರ ನಾಯಕತ್ವದ ಮಾತು ಇಲ್ಲಿಂದಲೇ ಶುರುವಾಗಬೇಕು. ಅವರಿಗೆ ಯಾರ ಮೇಲೂ ಅಧಿಕಾರವಿಲ್ಲ. ಸಹೋದ್ಯೋಗಿಗಳಿಗೆ ಬೇಕಾದವರಾಗುವುದೇ ಅವರ ಬಲ. ಮುಂದಿನ ವಾರ ಏಳನೇ ತರಗತಿಯಲ್ಲಿ ವಚನ ಚಳವಳಿಯ ಪಾಠವಿದೆ ಎಂದು ತಿಳಿದು, ಮಕ್ಕಳಿಗೆ ಒಗ್ಗುವ ನಾಲ್ಕು ಪುಸ್ತಕ ಆರಿಸಿ ತರಗತಿಗೆ ತಲುಪಿಸಿದವರ ಮಾತಿಗೆ ಶಿಕ್ಷಕರ ಸಭೆಯಲ್ಲಿ ತೂಕ ಬರುತ್ತದೆ. ಯಾವ ತರಗತಿ ಎಷ್ಟು ಪುಸ್ತಕ ಒಯ್ದಿದೆ, ಯಾವ ಮಕ್ಕಳು ಒಂದನ್ನೂ ಮುಟ್ಟಿಲ್ಲ ಎಂಬುದನ್ನು ವಿತರಣಾ ವಹಿಯಿಂದ ತೆಗೆದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಮುಂದಿಟ್ಟರೆ, ವಾರಕ್ಕೊಂದು ಓದಿನ ಅವಧಿ ಕೊಡಿ ಎಂಬ ಬೇಡಿಕೆಗೆ ಆಧಾರ ಸಿಗುತ್ತದೆ. ಪಾಠದ ಅರಿವು, ದಾಖಲೆ ಓದುವ ಜಾಣ್ಮೆ, ಪಟ್ಟು ಬಿಡದೆ ಕೇಳುವ ಧೈರ್ಯ: ತರಬೇತಿಯಲ್ಲಿ ಕಲಿಸಬೇಕಾದದ್ದು ಇವನ್ನು. ಪುಸ್ತಕಗಳ ವರ್ಗೀಕರಣ ಆಮೇಲೂ ಕಲಿತುಕೊಳ್ಳಬಹುದು.

ಇದು ಆಗದ ಮಾತೇನಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಕೋವಿಡ್‌ನಿಂದ ಶಾಲೆಗಳ ಬಾಗಿಲು ಮುಚ್ಚಿದ್ದ 2020ರಲ್ಲಿ ಈ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಅಭಿಯಾನ ಆರಂಭವಾಗಿ, 6ರಿಂದ 18 ವರ್ಷದ ಲಕ್ಷಾಂತರ ಮಕ್ಕಳು ಉಚಿತ ಸದಸ್ಯರಾದರು. ಬಹುತೇಕ ಪತ್ರಿಕೆ ಜೋಡಿಸಿಡುವುದಕ್ಕೆ ಸೀಮಿತವಾಗಿದ್ದ ಗ್ರಂಥಾಲಯ ಮೇಲ್ವಿಚಾರಕರ ಕೆಲಸಕ್ಕೆ ಮಕ್ಕಳನ್ನು ಕರೆತರುವ, ಓದಿಸುವ ಹೊಣೆ ಸೇರಿತು. ಮೇಲಿನವರು ಗುರಿ ಕೊಟ್ಟು ಬೆನ್ನಿಗೆ ನಿಂತರೆ ಕೆಳಗಿನವರ ಮುಂದಾಳತ್ವ ಅರಳುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆದರೆ ನಾಯಕತ್ವದ ಹೆಸರಿನಲ್ಲಿ ಹುದ್ದೆಯ ಪ್ರಶ್ನೆ ಮರೆಯಾಗಬಾರದು. ಕೇಂದ್ರೀಯ ವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆ ಇದೆ. ನಮ್ಮ ಹಳ್ಳಿ ಶಾಲೆಯ ಮಗುವಿಗೆ ಮಾತ್ರ ಅದು ದುಬಾರಿ ಎನ್ನುವುದು ನ್ಯಾಯವಲ್ಲ. ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಿಂದ ನೇಮಕಾತಿ ಆರಂಭಿಸಬಹುದು. ಉಳಿದೆಡೆ, ಹೊಣೆ ಹೊತ್ತ ಶಿಕ್ಷಕರ ಬೋಧನಾ ಅವಧಿಗಳನ್ನು ತುಸು ತಗ್ಗಿಸಲಿ. ಕಳೆದ, ಹರಿದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಲೆಕ್ಕದಿಂದ ತೆಗೆಯಲು ಮುಖ್ಯ ಶಿಕ್ಷಕರಿಗೆ ಸ್ಪಷ್ಟ ಅನುಮತಿ ಇರಲಿ. ಈ ಎರಡಕ್ಕೂ ಬೇಕಿರುವುದು ಹೊಸ ಕಾಯ್ದೆಯಲ್ಲ, ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ.