ಕಾಡಿನ ಬೆಂಕಿಯನ್ನು ನಂದಿಸುವವರು ಯಾರು?

ಹೆಬ್ಬಳ್ಳಿಯಲ್ಲಿ ಯಾರದಾದರೊಂದು ಬಣವಿಗೆ ಬೆಂಕಿ ಬಿದ್ದರೆ ಊರು ಏನು ಮಾಡುತ್ತದೆಂಬುದು ನಮ್ಮ ವಾಚಕರಿಗೆಲ್ಲ ಗೊತ್ತು. ಕೊಡ ಇದ್ದವರು ಕೊಡ, ಹಸಿ ಬೇವಿನ ಟೊಂಗೆ ಸಿಕ್ಕವರು ಟೊಂಗೆ, ಏನೂ ಇಲ್ಲದವರು ಬೊಗಸೆ ಮಣ್ಣು ಹಿಡಿದು ಓಡುತ್ತಾರೆ. ಬಣವಿ ಯಾರದು, ಅವನ ಜಾತಿ ಯಾವುದು, ಹೋದ ಇಲೆಕ್ಷನ್ನಿನಲ್ಲಿ ಅವನು ಯಾರ ಕಡೆಗಿದ್ದ ಎಂದು ಆ ಹೊತ್ತಿನಲ್ಲಿ ಕೇಳುವವರಿಲ್ಲ. ಧಾರವಾಡದಿಂದ ಅಗ್ನಿಶಾಮಕದ ಗಾಡಿ ಬರುವುದರೊಳಗೆ ಪಕ್ಕದ ನಾಲ್ಕು ಬಣವಿಗಳನ್ನು ಊರವರೇ ಉಳಿಸಿಕೊಂಡಿರುತ್ತಾರೆ. ಇದಕ್ಕೆ ಯಾವ ಸರಕಾರಿ ಹುಕುಮೂ ಬೇಕಾಗಿಲ್ಲ.

ಆದರೆ ಕಾಡಿಗೆ ಬೆಂಕಿ ಬಿದ್ದಾಗ ಅಂಚಿನ ಹಳ್ಳಿಯವರು ಎಷ್ಟೋ ಕಡೆ ಹಿಂದುಮುಂದು ನೋಡುತ್ತಾರೆ. ಜನರು ಕೆಟ್ಟವರಾದರೆಂದು ಅಲ್ಲ. ಬಣವಿ ಊರಿನದು, ಕಾಡು ಸರಕಾರದ್ದು ಎಂದು ನೂರೈವತ್ತು ವರ್ಷಗಳಿಂದ ಅವರಿಗೆ ಹೇಳುತ್ತ ಬರಲಾಗಿದೆ. ನಂದಿಸಲು ಹೋದವನನ್ನೇ ಹಚ್ಚಿದವನೆಂದು ಹಿಡಿದರೆ ಗತಿಯೇನು ಎಂಬ ಅಂಜಿಕೆಯೂ ಇದೆ. ಪ್ರತಿ ವರ್ಷ ಶಿವರಾತ್ರಿಯ ಸುಮಾರಿಗೆ ಗುಡ್ಡಗಳು ಹೊತ್ತಿಕೊಳ್ಳುತ್ತವೆ. ಪ್ರತಿ ವರ್ಷ ಪತ್ರಿಕೆಗಳಲ್ಲಿ ಹೊಗೆಯ ಚಿತ್ರ ಬರುತ್ತದೆ, ಮಂತ್ರಿಗಳು ವಿಷಾದ ವ್ಯಕ್ತಪಡಿಸುತ್ತಾರೆ, ಮಳೆ ಬಿದ್ದೊಡನೆ ಎಲ್ಲರೂ ಮರೆಯುತ್ತಾರೆ.

ಗಿರಣಿಯಲ್ಲಿ ದುಡಿಯುವವರಿಗೂ ದುರ್ಗದಬೈಲಿನಲ್ಲಿ ಅಂಗಡಿ ಇಟ್ಟವರಿಗೂ ಕಾಡಿನ ಬೆಂಕಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಹುಬ್ಬಳ್ಳಿ-ಧಾರವಾಡದ ನಳದಲ್ಲಿ ಬರುವ ನೀರು ಎಲ್ಲಿಯದೆಂದು ಅವರು ಒಮ್ಮೆ ವಿಚಾರಿಸಲಿ. ಸವದತ್ತಿಯ ಜಲಾಶಯಕ್ಕೆ ಬರುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ. ನೆಲದ ಮೇಲಿನ ಎಲೆಯ ಹಾಸು ಸುಟ್ಟರೆ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುತ್ತದೆ. ಇಂಗಬೇಕಾದ ನೀರು ಹರಿದುಹೋಗುತ್ತದೆ, ಒರತೆಗಳು ಬತ್ತುತ್ತವೆ. ಕೊಡ ಹಿಡಿದು ನಳದ ಮುಂದೆ ದಿನಗಟ್ಟಲೆ ಕಾಯುವುದೆಂದರೇನೆಂದು ಈ ಊರಿನ ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇನ್ನು ವ್ಯಾಪಾರಸ್ಥರಿಗೆ, ಸೀಗೆಕಾಯಿ, ಅಂಟವಾಳ, ಜೇನು, ನೆಲ್ಲಿಕಾಯಿ, ಕಸಬರಿಗೆಯ ಹುಲ್ಲು ಎಲ್ಲಿಂದ ಬರುತ್ತವೆಂಬುದು ಗೊತ್ತೇ ಇದೆ. ಕಾಡು ಸುಟ್ಟರೆ ಊರಿನ ಪೇಟೆಗೂ ಬಿಸಿ ತಟ್ಟುತ್ತದೆ.

ಈ ಅನಾಹುತದ ಬೇರು ಎಲ್ಲಿದೆ? ಬ್ರಿಟಿಷರು 1865ರಲ್ಲಿ, ಮತ್ತೆ 1878ರಲ್ಲಿ, ಕೊನೆಗೆ 1927ರಲ್ಲಿ ಕಾಯದೆ ಮಾಡಿ ಕಾಡುಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅವರಿಗೆ ರೇಲ್ವೆಗೆ ಸ್ಲೀಪರು ಬೇಕಾಗಿತ್ತು, ಹಡಗಿಗೆ ಸಾಗವಾನಿ ಬೇಕಾಗಿತ್ತು. ಕುಮರಿ ಬೇಸಾಯಗಾರನೂ ಕುರುಬನೂ ಅವರ ಕಣ್ಣಿಗೆ ಕಾಡಿನ ವೈರಿಗಳಾಗಿ ಕಂಡರು. ಒಂದು ತಮಾಷೆಯನ್ನು ನೋಡಿರಿ: ಕಾಡಿನಲ್ಲಿ ಸವಲತ್ತು ಪಡೆದವರೆಲ್ಲ ಬೆಂಕಿ ಬಿದ್ದಾಗ ಸುದ್ದಿ ಕೊಡಬೇಕು, ನಂದಿಸಲು ಬರಬೇಕು ಎಂದು 1927ರ ಕಾಯದೆಯ 79ನೆಯ ಕಲಮು ಹೇಳಿತು. ಬಾರದಿದ್ದರೆ ಶಿಕ್ಷೆ. ಅಂದರೆ ಹಕ್ಕನ್ನು ಕಿತ್ತುಕೊಂಡು ಬಿಟ್ಟಿಯನ್ನು ಮಾತ್ರ ಉಳಿಸಿದರು. 1930ರಲ್ಲಿ ನಮ್ಮ ಸೀಮೆಯ ಜನ ಜಂಗಲ್ ಸತ್ಯಾಗ್ರಹ ಹೂಡಿದ್ದು ಸುಮ್ಮನೆ ಅಲ್ಲ. ಸ್ವರಾಜ್ಯ ಬಂದ ಮೇಲಾದರೂ ಈ ಧೋರಣೆ ಬದಲಾಯಿತೇ? ಟೋಪಿ ಬದಲಾಯಿತು, ಬೇಲಿ ಹಾಗೆಯೇ ಉಳಿಯಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಂಗತಿಯನ್ನು ತೆಗೆದುಕೊಳ್ಳೋಣ. ಬೇಸಗೆಯ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲೇ, ಅವರು ನೆಲದ ಮೇಲಿನ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. ಅದು ಮೊಣಕಾಲಿನ ಮೇಲೆ ಏಳದೆ ಸರಸರನೆ ಹರಿದುಹೋಗುತ್ತಿತ್ತು. ಲಂಟಾನದ ಸಸಿಗಳು ಸುಡುತ್ತಿದ್ದವು, ನೆಲ್ಲಿಮರಕ್ಕೆ ಹತ್ತುವ ಬದನಿಕೆ ಹದ್ದಿನಲ್ಲಿರುತ್ತಿತ್ತು, ದೊಡ್ಡ ಮರಗಳಿಗೆ ಬಾಧೆ ಇರಲಿಲ್ಲ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು. ಬೇಸಾಯ ನಿಂತಿತು, ಬೆಂಕಿ ನಿಂತಿತು, ಸೋಲಿಗರು ಅಂಚಿನ ಪೋಡುಗಳಿಗೆ ಸರಿದರು. ಮುಂದೇನಾಯಿತು? ಸಂಶೋಧಕರು 1997ರಲ್ಲಿ ಅಳೆದಾಗ ನೋಡಿದ ತುಂಡುಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನವಿತ್ತು. 2008ರಲ್ಲಿ ಮತ್ತೆ ಅಳೆದಾಗ ಅದು ನೂರಕ್ಕೆ 81 ಆಗಿತ್ತು. ಇಡೀ ಹೊಣೆ ಬೆಂಕಿ ನಿಲ್ಲಿಸಿದ್ದರದೇ ಎಂದು ನಾವು ಹೇಳುವುದಿಲ್ಲ. ಆದರೆ ಆಳೆತ್ತರ ಬೆಳೆದು ಒಣಗಿದ ಲಂಟಾನದ ಪೊದೆಗೆ ಒಂದು ಕಿಡಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರದ ತಲೆಗೇ ಏರುತ್ತದೆ. ಸಣ್ಣ ಬೆಂಕಿಯನ್ನು ಕಾಯದೆಯಿಂದ ನಿಲ್ಲಿಸಿದವರು ದೊಡ್ಡ ಬೆಂಕಿಗೆ ಕಟ್ಟಿಗೆ ಒಟ್ಟಿದಂತಾಯಿತು.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ದಿನಗಟ್ಟಲೆ ಉರಿದ ಬೆಂಕಿ ಸಾವಿರಾರು ಎಕರೆಯನ್ನು ನುಂಗಿತು. ಕೊನೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿಯಬೇಕಾಯಿತು. ಹೆಲಿಕಾಪ್ಟರು ಬರಲಿ, ಬೇಡವೆನ್ನುವುದಿಲ್ಲ. ಇಂದು ಉಪಗ್ರಹ ಬೆಂಕಿ ಕಂಡೊಡನೆ ಮೊಬೈಲಿಗೆ ಸುದ್ದಿ ಬರುವ ವ್ಯವಸ್ಥೆಯೂ ಇದೆ, ಅದೂ ಒಳ್ಳೆಯದೇ. ಆದರೆ ಸುದ್ದಿ ಬಂದ ಮೇಲೆ ಗುಡ್ಡ ಹತ್ತಿ ಹಸಿ ಸೊಪ್ಪಿನಿಂದ ಬಡಿಯುವವನು ಮನುಷ್ಯನೇ. ಅವನು ಯಾರು? ಬೇಸಗೆಯ ಕೆಲವು ತಿಂಗಳ ಮಟ್ಟಿಗೆ ದಿನಗೂಲಿಯ ಮೇಲೆ ಹಿಡಿದ ಬೆಂಕಿ ಕಾವಲುಗಾರ. ಮಳೆಗಾಲಕ್ಕೆ ಅವನಿಗೆ ಕೆಲಸವಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಸೀಮೆಯಲ್ಲಿ, ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೇ ಸುಟ್ಟು ಪ್ರಾಣ ಬಿಟ್ಟರು. ಖಾಯಂ ನೌಕರನ ಪಾಡೇ ಹೀಗಾದರೆ ದಿನಗೂಲಿಯವನ ಪಾಡೇನು? ಬದಲಿ ಕಾಮಗಾರನಾಗಿ ದುಡಿದವರು, ಗೇಟಿನ ಮುಂದೆ ನಿಂತು ಇಂದು ಕೆಲಸ ಉಂಟೋ ಇಲ್ಲವೋ ಎಂದು ಕಾದವರು, ಈ ಕಾವಲುಗಾರನ ಸಂಕಟವನ್ನು ಬೇರೆಯವರಿಗಿಂತ ಬೇಗ ಅರಿಯುತ್ತಾರೆ. ಅವನೂ ನಮ್ಮ ವರ್ಗದವನೇ.

ದೂರದ ಒಂದು ದೇಶದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಡೋನೇಶಿಯಾದಲ್ಲಿ ಪೀಟ್ ಎಂಬ ಜೌಗು ಕಾಡುಗಳಿವೆ. ಎಲೆ, ಬೇರು, ಕೊಂಬೆ ನೀರಿನಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತ ನೆಲವದು. ನೀರಿರುವವರೆಗೆ ಅದು ಸುಡುವುದಿಲ್ಲ. ನೀರು ಬಸಿದರೆ ನಮ್ಮ ತಿಪ್ಪೆಯೊಳಗೆ ಕೆಂಡ ಹೊಕ್ಕಂತೆ ನೆಲದೊಳಗೇ ತಿಂಗಳುಗಟ್ಟಲೆ ಹೊಗೆಯಾಡುತ್ತದೆ. ಸುಹಾರ್ತೋನ ಸರಕಾರ ಭತ್ತ ಬೆಳೆಯುತ್ತೇವೆಂದು 1990ರ ದಶಕದ ನಡುವೆ ಬೋರ್ನಿಯೋ ದ್ವೀಪದಲ್ಲಿ ಸುಮಾರು 10 ಲಕ್ಷ ಹೆಕ್ಟೇರಿನ ಯೋಜನೆ ಹಾಕಿ ಸಾವಿರಾರು ಕಿಲೋಮೀಟರು ಕಾಲುವೆ ತೋಡಿಸಿತು. ಭತ್ತ ಬರಲಿಲ್ಲ, 1997ರಲ್ಲಿ ಬೆಂಕಿ ಬಂತು. ತಾಳೆಎಣ್ಣೆಯ ಮತ್ತು ಕಾಗದದ ಕಂಪನಿಗಳು ಬೇರೆ ಕಡೆಗಳಲ್ಲಿಯೂ ಹಾಗೆಯೇ ನೆಲ ಬಸಿದವು. 2015ರಲ್ಲಿ ಆ ದೇಶದಲ್ಲಿ ಸುಮಾರು 26 ಲಕ್ಷ ಹೆಕ್ಟೇರು ಸುಟ್ಟಿತು. ನಷ್ಟ 1,600 ಕೋಟಿ ಡಾಲರು ಎಂದು ವಿಶ್ವಬ್ಯಾಂಕು ಲೆಕ್ಕ ಹಾಕಿತು. ಆ ಮೇಲೆ ಸರಕಾರಕ್ಕೆ ಹಳ್ಳಿಗಳ ನೆನಪಾಯಿತು. ಹಲಗೆ, ಮಣ್ಣಿನಿಂದ ಕಾಲುವೆಗಳಿಗೆ ಒಡ್ಡು ಹಾಕಿ ನೆಲವನ್ನು ಮತ್ತೆ ತೋಯಿಸುವವರು, ಪಾಳಿಯ ಮೇಲೆ ಕಾವಲು ತಿರುಗುವವರು ಹಳ್ಳಿಯ ಬೆಂಕಿ ಪಡೆಯವರೇ. ಆದರೆ ಅಲ್ಲಿಯೂ ಹಳೆಯ ಕಥೆಯೇ. ತನ್ನ ತುಂಡು ಹೊಲ ಸುಟ್ಟ ಬಡ ರೈತ ಬೇಗ ಜೈಲು ಕಂಡ, ನೆಲ ಬಸಿದ ದೊಡ್ಡವರ ಮೇಲಿನ ದಾವೆಗಳು ವರ್ಷಗಟ್ಟಲೆ ಎಳೆದವು. ನೀರನ್ನು ಬಸಿದವನು ಯಾರೆಂದು ಕೇಳದೆ ಕಿಡಿ ಇಟ್ಟವನನ್ನು ಮಾತ್ರ ಹಿಡಿದರೆ ಬೆಂಕಿ ನಿಲ್ಲುವುದಿಲ್ಲ.

ಹಾಗಾದರೆ ಊರಿನವರ ಕೈಯಲ್ಲಿ ಕಾಡು ಉಳಿದೀತೇ? ಉಳಿದ ದಾಖಲೆ ನಮ್ಮ ನೆರೆಯಲ್ಲಿಯೇ ಇದೆ. ಉತ್ತರ ಕನ್ನಡದ ಕುಮಟಾ ತಾಲೂಕಿನ ಹಳಕಾರದವರು ಬ್ರಿಟಿಷರ ಕಾಲದಲ್ಲಿಯೇ ಗ್ರಾಮ ಅರಣ್ಯ ಪಂಚಾಯತಿ ಕಟ್ಟಿಕೊಂಡು ತಮ್ಮ ಕಾಡನ್ನು ತಾವೇ ಕಾಯ್ದರು. ಮುಂದೆ ಸರಕಾರ ಅದನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟಾಗ ಊರವರು ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಶಿರಸಿ, ಸಿದ್ದಾಪುರದ ಅಡಿಕೆ ತೋಟಿಗರು ಸೊಪ್ಪಿನ ಬೆಟ್ಟದ ದರಕನ್ನು ಬಳಿದು ಕೊಟ್ಟಿಗೆಗೆ ಒಯ್ಯುತ್ತಾರೆ. ಬಳಿದ ನೆಲದಲ್ಲಿ ಬೆಂಕಿಗೆ ತಿನ್ನಲು ಏನಿದೆ? 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. 1987ರಲ್ಲಿ ಅಂದಿನ ನಮ್ಮದೇ ಜಿಲ್ಲೆಯ ಕುಸನೂರಿನಲ್ಲಿ ರೈತರು, ಊರಿನ ಸಾಮೂಹಿಕ ಭೂಮಿಯನ್ನು ಪಲ್ಪಿನ ನೀಲಗಿರಿಗೆ ಒಪ್ಪಿಸಿದ್ದನ್ನು ವಿರೋಧಿಸಿ, ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ತಮ್ಮದೆಂದು ತಿಳಿದ ಕಾಡಿಗಾಗಿ ಜನ ಎದೆಯೊಡ್ಡುತ್ತಾರೆಂಬುದಕ್ಕೆ ಇನ್ನೆಷ್ಟು ಸಾಕ್ಷಿ ಬೇಕು?

ಜನರ ತಪ್ಪನ್ನೂ ನಾವು ಮುಚ್ಚಿಡುವುದಿಲ್ಲ. ಹೊಸ ಹುಲ್ಲು ಬರಲೆಂದು ಗುಡ್ಡಕ್ಕೆ ಕಡ್ಡಿ ಗೀರುವವರಿದ್ದಾರೆ, ಬೇಟೆಗಾಗಿ ಹಚ್ಚುವವರಿದ್ದಾರೆ, ಇಲಾಖೆಯ ಮೇಲಿನ ಸಿಟ್ಟಿಗೆ ಹಚ್ಚುವವರೂ ಇದ್ದಾರೆ. ಗದುಗಿನ ಕಪ್ಪತಗುಡ್ಡದ ಹುಲ್ಲಿಗೆ ಬೇಸಗೆ ಬೇಸಗೆಗೂ ಬೆಂಕಿ ಬೀಳುತ್ತಿದೆ. ಗಣಿಯವರ ಬಾಯಿಂದ ಬಿಡಿಸಲು ಜನ ಬೀದಿಗಿಳಿದ ಗುಡ್ಡವದು. 2015ರಲ್ಲಿ ಸಿಕ್ಕ ರಕ್ಷಣೆಯನ್ನು 2016ರಲ್ಲಿ ಸರಕಾರ ಹಿಂದಕ್ಕೆ ತೆಗೆದುಕೊಂಡಾಗ ಹೋರಾಡಿ 2017ರಲ್ಲಿ ಮರಳಿ ಪಡೆದರು, 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಗಣಿಯಿಂದ ಉಳಿಸಿದ್ದನ್ನು ಬೀಡಿಯ ತುಂಡಿನಿಂದ ಕಳೆದುಕೊಳ್ಳುವುದು ನಮಗೆ ಶೋಭಿಸುವ ಮಾತಲ್ಲ. ಹಾಗೆಯೇ, ಸೋಲಿಗರ ತರಗು ಬೆಂಕಿ ಒಣಗಾಡಿನ ವಿದ್ಯೆ, ಘಟ್ಟದ ನಿತ್ಯಹಸಿರು ಕಾಡಿಗೆ ಬೆಂಕಿಯೆಂಬುದೇ ವಿಷ. ಎಲ್ಲಿ ಯಾವುದು ಸಲ್ಲುತ್ತದೆಂಬುದು ಅಲ್ಲಿಯ ನೆಲವನ್ನು ತುಳಿದವರಿಗೆ ಗೊತ್ತಿರುತ್ತದೆ. ಅವರನ್ನು ಕೇಳಬೇಕೆಂಬುದೇ ನಮ್ಮ ವಾದ.

ಕಾಯದೆ ಇಲ್ಲವೆಂದು ಸರಕಾರ ಹೇಳುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯದೆ ಸಾಮುದಾಯಿಕ ಅರಣ್ಯವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಹಕ್ಕುಪತ್ರವೂ ಸಿಕ್ಕಿತು. ಆದರೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷದ ವಾಸದ ಪುರಾವೆ ತರಬೇಕೆಂಬ ಕಟ್ಟಳೆಯಿಂದ ಉತ್ತರ ಕನ್ನಡದ ಅಸಂಖ್ಯ ಬಡವರ ಅರ್ಜಿಗಳು ತಿರಸ್ಕೃತವಾದವು. 1993ರ ಆಜ್ಞೆಯಂತೆ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳಲ್ಲಿಯೂ ಲೇಖಣಿ ಮಾತ್ರ ಇಲಾಖೆಯ ಕೈಯಲ್ಲೇ ಉಳಿಯಿತು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದನೆಯದಾಗಿ, ಕಾಡಿನ ಅಂಚಿನ ಪ್ರತಿ ಗ್ರಾಮಸಭೆಗೆ ಸಾಮುದಾಯಿಕ ಅರಣ್ಯದ ಹಕ್ಕುಪತ್ರ ಕೊಡಬೇಕು. ಎರಡನೆಯದಾಗಿ, ಬೆಂಕಿ ರೇಖೆ ಕಡಿಯುವ ಕೆಲಸವನ್ನು ಗುತ್ತಿಗೆದಾರರಿಗೆ ಕೊಡದೆ ಊರಿನ ಸಮಿತಿಗಳಿಗೆ ಕೊಡಬೇಕು, ಅದು ಸಂಕ್ರಾಂತಿಯೊಳಗೆ ಮುಗಿಯಬೇಕು. ಮೂರನೆಯದಾಗಿ, ಕಾವಲುಗಾರರಿಗೆ ವರ್ಷವಿಡೀ ಕೆಲಸ, ತಿಂಗಳು ತಿಂಗಳು ಪಗಾರ, ಬೂಟು, ವಿಮೆ ಸಿಗಬೇಕು. ನಾಲ್ಕನೆಯದಾಗಿ, ಕಪ್ಪತಗುಡ್ಡದಂಥ ಕಡೆ ಒಣಗುವ ಮೊದಲೇ ಹುಲ್ಲು ಕೊಯ್ದು ಒಯ್ಯಲು ದನಕುರಿ ಸಾಕಿದವರಿಗೆ ಪುಕ್ಕಟೆ ಪರವಾನಿಗೆ ಇರಬೇಕು. ಕೊಯ್ದ ಹುಲ್ಲು ದನದ ಹೊಟ್ಟೆಗೆ ಹೋಗುತ್ತದೆ, ಬಿಟ್ಟ ಹುಲ್ಲು ಬೆಂಕಿಯ ಹೊಟ್ಟೆಗೆ. ಐದನೆಯದಾಗಿ, ಎಲ್ಲಿ ಎಷ್ಟು ಸುಟ್ಟಿತು, ಎಷ್ಟು ಹಣ ಖರ್ಚಾಯಿತು ಎಂಬ ಲೆಕ್ಕವನ್ನು ಪ್ರತಿ ವರ್ಷ ಗ್ರಾಮಸಭೆಯ ಮುಂದೆ ಓದಬೇಕು.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಸಮಾಜವಾದಿಗಳು ಅವರ ಜೊತೆಗೆ ನಿಂತರು, ಡಾ. ಲೋಹಿಯಾ ಅಲ್ಲಿಗೆ ಬಂದು ಸೆರೆಯಾದರು. ಉಳುವವನಿಗೆ ಹೊಲ ಎಂಬುದು ಅಂದಿನ ಮಾತು. ಕಾಯುವವನಿಗೆ ಕಾಡಿನಲ್ಲಿ ಹಕ್ಕು ಎಂಬುದು ಅದೇ ಮಾತಿನ ಮುಂದಿನ ಹೆಜ್ಜೆ. ಹುಬ್ಬಳ್ಳಿ-ಧಾರವಾಡದ ಕಾಮಗಾರ ಸಂಘಗಳೂ ವ್ಯಾಪಾರಸ್ಥರ ಸಂಘಗಳೂ ಈ ಬೇಡಿಕೆಗಳನ್ನು ತಮ್ಮ ಸಭೆಗಳಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಮುಟ್ಟಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಮುಂದಿನ ಶಿವರಾತ್ರಿಗೆ ಮೊದಲೇ ಈ ಕೆಲಸ ಆಗಬೇಕು.