ಕಂಪನಿ ಸಾಮಾನೋ, ರಿಪೇರಿ ಸಾಮಾನೋ? ಮೊದಲು ಬಿಲ್ ಕೇಳಿ!

"ಸಾಹೇಬ್ರ, ಕಂಪನೀದು ಹಾಕ್ಲೇನ್ರಿ, ರಿಪೇರಿದು ಹಾಕ್ಲೇನ್ರಿ?"

ಗಂಗಾವತಿಯ ಗ್ಯಾರೇಜಿರಲಿ, ಕುಷ್ಟಗಿಯ ಹೆದ್ದಾರಿ ಬದಿಯ ಶೆಡ್ಡಿರಲಿ, ಬಾನೆಟ್ ಎತ್ತಿದ ಕೂಡಲೇ ಮೇಸ್ತ್ರಿ ಕೇಳುವ ಪ್ರಶ್ನೆ ಇದು. ಗಾಡಿ ಮಾಲೀಕ ತಲೆ ಕೆರೆದುಕೊಂಡು, "ಯಾವ್ದು ಕಮ್ಮಿ ಬೀಳತೈತಿ ಅದನ್ನ ಹಾಕಪಾ" ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಬಿಲ್ ಇಲ್ಲ, ಗ್ಯಾರಂಟಿ ಇಲ್ಲ, ತೆಗೆದ ಹಳೇ ಸಾಮಾನು ಎಲ್ಲಿ ಹೋಯಿತೆಂಬ ವಿಚಾರಣೆಯೂ ಇಲ್ಲ.

"ನಮಗೆ ಕಾರಿಲ್ಲ, ನಮಗೇನು?" ಎಂದು ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಓದುವವರು ಕೇಳಬಹುದು. ಬಸ್ ತಪ್ಪಿದ ದಿನ ಯಲಬುರ್ಗಾ, ಕುಕನೂರ ಕಡೆಗೆ ಕ್ರೂಸರ್ ಹತ್ತುವವರು ಯಾರು? ಅಂಗಡಿ ಮಾಲು ತರಲು ಟಾಟಾ ಏಸಿಗೆ ಬಾಡಿಗೆ ಕೊಡುವವರು ಯಾರು? ಆ ಗಾಡಿಯ ಬ್ರೇಕಿನೊಳಗೆ ಎಂಥ ಸಾಮಾನು ಕೂತಿದೆ ಎಂಬುದು ನಿಮ್ಮ ಜೀವದ ಪ್ರಶ್ನೆಯೂ ಹೌದು.

ಎರಡಲ್ಲ, ನಾಲ್ಕು ನಮೂನೆ

ಪೇಟೆಯಲ್ಲಿ ಸಾಮಾನು ಎರಡೇ ನಮೂನೆ ಎಂದು ತಿಳಿಯುವುದೇ ಮೊದಲ ತಪ್ಪು. ಒಂದನೆಯದು, ಕಾರು ಕಂಪನಿಯ ಹೆಸರಿನ ಡಬ್ಬಿಯಲ್ಲಿ ಡೀಲರು ಕೊಡುವುದು. ಎರಡನೆಯದು, ತಯಾರಕರೇ ಸ್ವಂತ ಹೆಸರಿನಲ್ಲಿ ಮಾರುವುದು. ಕಾರು ಕಂಪನಿಗಳು ಸ್ಟಾರ್ಟರ್, ಡೈನಮೋ, ಡೀಸೆಲ್ ಪಂಪುಗಳನ್ನು ಬಹುತೇಕ ಬೇರೆಯವರಿಂದ ಕೊಳ್ಳುತ್ತವೆ. ಲುಕಾಸ್ ಟಿವಿಎಸ್, ಬಾಷ್ ಮುಂತಾದವರು ಅವನ್ನು ತಯಾರಿಸಿ, ತಮ್ಮ ಹೆಸರಿನಲ್ಲೂ ಬಿಡಿಭಾಗದ ಅಂಗಡಿಗಳಿಗೆ ಕೊಡುತ್ತಾರೆ. ಮೂರನೆಯದು, ಹಳೆಯದನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಕೂಡಿಸಿದ ರಿಪೇರಿ ಸಾಮಾನು. ನಾಲ್ಕನೆಯದು, ಕಂಪನಿ ಹೆಸರಿನ ನಕಲಿ ಡಬ್ಬಿಯಲ್ಲಿ ಬರುವ ಶುದ್ಧ ಕಳ್ಳ ಮಾಲು.

ಹುಬ್ಬಳ್ಳಿಗೋ ಹೊಸಪೇಟೆಗೋ ಹೋಗಿ ಡೀಲರಿಂದ ತರುವ ತ್ರಾಣವಿಲ್ಲದವರು ನೇರವಾಗಿ ಮೂರನೆಯದಕ್ಕೆ ಇಳಿಯುತ್ತಾರೆ. ನಡುವೆ ಎರಡನೆಯದೊಂದು ಇದೆ ಎಂಬುದನ್ನು ಮೇಸ್ತ್ರಿ ಹೇಳುವುದಿಲ್ಲ, ಇವರು ಕೇಳುವುದಿಲ್ಲ.

ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?

ರಿಪೇರಿ ಸಾಮಾನೆಂದರೆ ಮೂಗು ಮುರಿಯಬೇಕಿಲ್ಲ. ನಾವು ದಿನಾ ಹತ್ತುವ ಸಾರಿಗೆ ಸಂಸ್ಥೆಯ ಬಸ್ಸುಗಳು ರಿಸೋಲ್ ಮಾಡಿದ ಟೈರು, ವರ್ಕ್‌ಶಾಪಿನಲ್ಲಿ ಬಿಚ್ಚಿ ಕೂಡಿಸಿದ ಎಂಜಿನ್ನುಗಳ ಮೇಲೆಯೇ ಲಕ್ಷಗಟ್ಟಲೆ ಕಿಲೋಮೀಟರ್ ಓಡಿವೆ. ಆದರೆ ಅಲ್ಲಿ ಟೈರಿಗೊಂದು ನಂಬರಿದೆ, ಎಷ್ಟು ಓಡಿತೆಂಬ ಲೆಕ್ಕವಿದೆ. ಹೊಸ ಟೈರು ಮುಂದಿನ ಗಾಲಿಗೆ, ರಿಸೋಲ್ ಟೈರು ಹಿಂದಿನ ಗಾಲಿಗೆ ಎಂಬ ಶಿಸ್ತಿದೆ. ನಮ್ಮ ಶೆಡ್ಡುಗಳಲ್ಲಿ ಇಲ್ಲದ್ದು ಕೈಚಳಕವಲ್ಲ, ಈ ಲೆಕ್ಕ.

ಸಾಮಾನ್ಯರಿಗೆ ಒಂದು ಸರಳ ಸೂತ್ರ ಸಾಕು. ಸ್ಟಾರ್ಟರ್ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕ್ ಕೈಕೊಟ್ಟರೆ ಗಾಡಿ ನಿಲ್ಲುವುದಿಲ್ಲ!

ಸ್ಟಾರ್ಟರ್, ಡೈನಮೋ, ರೇಡಿಯೇಟರ್‌ಗಳಲ್ಲಿ ಒಳ್ಳೆಯ ರಿಪೇರಿಯನ್ನು ಧಾರಾಳವಾಗಿ ಒಪ್ಪಬಹುದು. ಸ್ಟಾರ್ಟರಿಗೆ ಬುಶ್, ಕಾರ್ಬನ್ ಬ್ರಶ್ ಹೊಸದಾಗಬೇಕು. ಸುಟ್ಟಿದ್ದರೆ ವೈಂಡಿಂಗೂ ಆಗಬೇಕು. ಬರೀ ತೊಳೆದು ಬಣ್ಣ ಬಳಿದರೆ ಅದು ರಿಪೇರಿಯಲ್ಲ, ಮದುವೆ ಮನೆಯ ಪೌಡರು! ಡೈನಮೋ ಆದರೆ ಎಂಜಿನ್ ಚಾಲೂ ಇಟ್ಟು ಬ್ಯಾಟರಿಗೆ ಮೀಟರ್ ಹಿಡಿಸಿ. ಸುಮಾರು 14 ವೋಲ್ಟ್ ತೋರಿಸಬೇಕು. ಎರಡು ನಿಮಿಷದ ಕೆಲಸ.

ಬ್ರೇಕ್ ಪ್ಯಾಡು, ಬ್ರೇಕ್ ಸಿಲಿಂಡರಿನ ರಬ್ಬರು, ಸ್ಟೀರಿಂಗಿನ ಬಾಲ್ ಜಾಯಿಂಟು, ಏರ್‌ಬ್ಯಾಗು, ಸೀಟ್ ಬೆಲ್ಟು, ಇವುಗಳಲ್ಲಿ ಮಾತ್ರ ಹಳೆಯದಕ್ಕೆ ಕೈಹಾಕಬೇಡಿ. ಒಂದನೆಯ ಇಲ್ಲವೇ ಎರಡನೆಯ ನಮೂನೆ, ಅದೂ ಬಿಲ್ ಸಮೇತ. ಗಿಣಿಗೇರಿ ಕಡೆ ಕಾರ್ಖಾನೆ ಧೂಳಿನಲ್ಲಿ ಓಡಾಡುವವರು ಏರ್ ಫಿಲ್ಟರನ್ನೂ ಈ ಪಟ್ಟಿಗೆ ಸೇರಿಸಲಿ. ಅಲ್ಲಿ ಉಳಿಸಿದ ನೂರಿನ್ನೂರು ರೂಪಾಯಿಯನ್ನು ಎಂಜಿನ್ ಬಡ್ಡಿ ಸಮೇತ ವಸೂಲು ಮಾಡುತ್ತದೆ.

"ವಾರಂಟಿ ಹೋಗತೈತಿ" ಎಂಬ ಗುಮ್ಮ

ಶೋರೂಮಿನವರು ಹೆದರಿಸುವ ಮಾತೊಂದಿದೆ: "ಹೊರಗ ಕೈ ಹಚ್ಚಿಸಿದ್ರ ವಾರಂಟಿ ರದ್ದು." 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗ ಹಾಗೂ ರಿಪೇರಿ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಬಿಗಿಹಿಡಿದದ್ದು ತಪ್ಪು ಎಂದಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದೆಂಬ ಷರತ್ತು ಹಾಕಕೂಡದು. ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ಕಡಿಯಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು. 2016ರ ಡಿಸೆಂಬರಿನಲ್ಲಿ ಮೂರು ಕಂಪನಿಗಳ ಪ್ರಕರಣದಲ್ಲಿ ನ್ಯಾಯಮಂಡಳಿ ದಂಡವನ್ನು ಇಳಿಸಿತಾದರೂ ತಪ್ಪು ತಪ್ಪೇ ಎಂದಿತು. ಆದರೆ ಹಾನಿ ಹೊರಗಿನ ಕೆಲಸದಿಂದ ಆಗಿಲ್ಲ ಎಂದು ವಾದಿಸಲು ಗ್ಯಾರೇಜಿನ ಬಿಲ್ ಕೈಯಲ್ಲಿರಬೇಡವೇ?

ವಿಮೆಯ ಕತೆಯೂ ಅಷ್ಟೇ. ಅಪಘಾತದಲ್ಲಿ 10,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್ ಹೋಯಿತೆನ್ನಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಸವಕಳಿ 50 ಶೇಕಡಾ. ಅಂದರೆ 5,000 ನಿಮ್ಮ ಜೇಬಿನದು. 5 ವರ್ಷ ದಾಟಿ 10 ವರ್ಷದೊಳಗಿನ ಗಾಡಿಯ ಲೋಹದ ಭಾಗಕ್ಕೆ 40 ಶೇಕಡಾ. ಉಳಿದದ್ದು ಬರಬೇಕಾದರೂ ವಿಮೆಯವರು ಕೇಳುವುದು ಬಿಲ್ಲನ್ನೇ.

ಬಿಲ್ ಬೇಡವೆಂದರೆ ತೆರಿಗೆ ಉಳಿಯುತ್ತದೆಂಬ ಆಸೆ ಗಿರಾಕಿಗೂ ಇದೆ, ಸುಳ್ಳಲ್ಲ. ಆದರೆ ಬಹಳಷ್ಟು ಬಿಡಿಭಾಗಗಳ ಮೇಲಿದ್ದ 28 ಶೇಕಡಾ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. 10,000ದ ಸಾಮಾನಿಗೆ 2,800 ಇದ್ದದ್ದು 1,800 ಆಯಿತು. ಬಿಲ್ ಬೇಡವೆಂದವನಿಗೆ ಈ ಇಳಿಕೆ ಸಿಕ್ಕಿತೋ, ಅಂಗಡಿಯವನ ಗಲ್ಲಾ ಸೇರಿತೋ, ಯಾರು ಬಲ್ಲರು?

ಯಾರು ಏನು ಮಾಡಬೇಕು?

ಬಾಡಿಗೆ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆ ಒಂದು ದಿನ ಪರೀಕ್ಷೆ. ಉಳಿದ 364 ದಿನ ಕೆಎ-37 ನಂಬರಿನ ಗಾಡಿಗಳ ಬ್ರೇಕು ಮೇಸ್ತ್ರಿಯ ಮನಸ್ಸಾಕ್ಷಿಯ ಮೇಲೆ ನಡೆಯುತ್ತದೆ. ಮನಸ್ಸಾಕ್ಷಿ ಇದ್ದವರು ಬಹಳ ಮಂದಿ ಇದ್ದಾರೆ. ಅಂಥವರು ಒಂದು ಚೀಟಿಯ ಮೇಲೆ ಬರೆದುಕೊಡಲು ಹಿಂಜರಿಯಬಾರದು: ಸಾಮಾನು ಯಾವ ನಮೂನೆ, ಒಳಗೆ ಏನೇನು ಬದಲಾಯಿತು, ಎಷ್ಟು ತಿಂಗಳ ಗ್ಯಾರಂಟಿ. ಇದರಿಂದ ಒಳ್ಳೆಯ ಮೇಸ್ತ್ರಿಗೆ ಗಿರಾಕಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮಾಲೀಕರು ಮಾಡಬೇಕಾದದ್ದು ಎರಡೇ. ಬಿಚ್ಚಿದ ಹಳೇ ಸಾಮಾನು ಕಣ್ಣಾರೆ ನೋಡಿ. ಅದನ್ನು ಮೇಸ್ತ್ರಿ ಇಟ್ಟುಕೊಳ್ಳುವುದಾದರೆ ಅದರ ಬೆಲೆ ಕಡಿಯಿರಿ, ಯಾಕೆಂದರೆ ನಾಳೆ ಅದೇ ಇನ್ನೊಬ್ಬರಿಗೆ ರಿಪೇರಿ ಸಾಮಾನಾಗುತ್ತದೆ. ಆಮೇಲೆ ಬಿಲ್ ಪಡೆಯಿರಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915 ಇದೆ, ಕೊಪ್ಪಳದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ. ಆದರೆ ಅಲ್ಲಿಯೂ ಮೊದಲು ಕೇಳುವ ಮಾತು, "ಬಿಲ್ ಎಲ್ಲೈತ್ರಿ?"

ಒಂದು ಕಿಲೋ ಸಕ್ಕರೆಗೆ ಚೀಟಿ ಬರೆಸಿಕೊಳ್ಳುವ ನಮ್ಮ ಜನ, ಜೀವ ಹೊರುವ ಬ್ರೇಕಿಗೆ ಚೀಟಿ ಬೇಡವೆನ್ನುವುದು ಯಾವ ಜಾಣತನ?