ಧ್ವನಿಮುದ್ರಿಕೆಗೂ ಒಂದು ಬಂಧವುಂಟು

ನಾಟಕದ ಕೊನೆಯ ಅಂಕವನ್ನು ಮೊದಲು ನೋಡುವ ರಸಿಕನುಂಟೆ? ಸಂಗೀತದಲ್ಲಿ ಮಾತ್ರ ಈ ವಿಪರ್ಯಾಸಕ್ಕೆ ನಾವು ಒಗ್ಗಿಹೋಗಿದ್ದೇವೆ; ಮೊಬೈಲು ಕಲಸಿ ಕೊಟ್ಟ ಹಾಡುಗಳೇ ನಮಗೆ ಸಾಕು.

೧೯೬೭ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜಭೂಷಣ ಕಾಬ್ರಾರ ಗಿಟಾರುಗಳು ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಚಿತ್ರಿಸುತ್ತವೆ. ಅಹೀರ್ ಭೈರವದ ಮುಂಜಾವಿನಿಂದ ರಾಗಗಳು ಹೊತ್ತನ್ನನುಸರಿಸಿ ನಡೆಯುತ್ತವೆ. ಕ್ರಮ ತಪ್ಪಿದರೆ ಆ ದಿನವೇ ಚೂರಾದಂತೆ.

ಜಾಜ್ ನನಗೆ ಪರಿಚಿತ ಭಾಷೆಯಲ್ಲ. ಆದರೂ ಮೈಲ್ಸ್ ಡೇವಿಸರ ‘ಕೈಂಡ್ ಆಫ್ ಬ್ಲೂ’ (೧೯೫೯) ಮುದ್ರಿಕೆಯ ಐದು ರಚನೆಗಳನ್ನೂ ಒಮ್ಮೆಗೇ ಕೇಳಿದಾಗ, ಸ್ವರಗಳ ನಡುವಣ ಮೌನವೂ ಅರ್ಥವತ್ತಾಯಿತು; ಬಿಡಿಯಾಗಿ ಕೇಳಿದಾಗ ಆ ಅನುಭವ ದೊರೆತಿರಲಿಲ್ಲ.

ನಮ್ಮ ‘ನಿತ್ಯೋತ್ಸವ’ದ ಪಾಡೇನು? ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ಆ ಧ್ವನಿಸುರುಳಿ ೧೯೭೮ರದು. ಶೀರ್ಷಿಕೆಗೀತೆಯನ್ನು ನನ್ನ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದರ ಒಡಹುಟ್ಟುಗಳನ್ನು ಬಲ್ಲವರು ವಿರಳ. ಬಹುಮುಖಿಯಾದ ಕವಿಯೊಬ್ಬ ಹೀಗೆ ಒಂದೇ ಹಾಡಿಗೆ ಕುಗ್ಗಿಬಿಡುತ್ತಾನೆ.

ಮೂರು ನಿಮಿಷದ ಹಳೆಯ ಗ್ರಾಮಫೋನ್ ತಟ್ಟೆಯೂ ಪೂರ್ಣಕೃತಿಯಾಗಬಲ್ಲುದು, ನಿಜ. ಆದರೆ ಕಲಾವಿದನು ಪೋಣಿಸಿದ ಹಾರವನ್ನು ಬಿಡಿಮಣಿಗಳಾಗಿ ಉದುರಿಸುವ ಕಿವಿ, ನಾಳೆ ಮಹಾಕಾವ್ಯದ ಮುಂದೆಯೂ ತಾಳ್ಮೆಗೆಟ್ಟೀತು. ಅಧ್ಯಾಪಕನಾದ ನನ್ನ ಆತಂಕ ಇದೇ.